ರುಚಿ ಪುಸ್ತಕದಲ್ಲಿ ನನ್ನ ಸಹಿ

ಹೊಸದಾಗಿ ಅಂಗನವಾಡಿ ಮೇಲ್ವಿಚಾರಕಿಯರಾಗಿ ಬಂದ ಹುಡುಗಿಯರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಮೊದಲು ಕಾಲು ಗಟ್ಟಿ ಇರಬೇಕು, ತಲೆ ಆಮೇಲೆ. ಇಪ್ಪತ್ತೊಂಬತ್ತು ವರ್ಷ ನಾನು ಮಾಡಿದ್ದು ಹೆಚ್ಚಾಗಿ ಬಸ್ಸಿನಲ್ಲಿ ನಿಲ್ಲುವ ಕೆಲಸ. ಬೆಳಿಗ್ಗೆ ಕುಂದಾಪುರದಲ್ಲಿ ಹತ್ತಿದರೆ ಒಂದು ದಿನ ಶಂಕರನಾರಾಯಣದ ಕಡೆ, ಒಂದು ದಿನ ನಾವುಂದದ ಕಡೆ. ಇಳಿದು ಮತ್ತೆ ನಡಿಗೆ. ಹೆಗಲಲ್ಲಿ ಚೀಲ, ಚೀಲದಲ್ಲಿ ಕೊಡೆ, ರಿಜಿಸ್ಟರುಗಳು, ಒಂದು ಬಾಟ್ಲಿ ನೀರು. ಇಪ್ಪತ್ತೈದು ಅಂಗನವಾಡಿಗಳ ಉಸ್ತುವಾರಿ ಅಂದರೆ ಇಪ್ಪತ್ತೈದು ಊರುಗಳ ನಾಯಿಗಳಿಗೆ ನಿಮ್ಮ ಗುರುತು ಸಿಗಬೇಕು. ನನಗೆ ಸಿಕ್ಕಿತ್ತು, ಎರಡು ಸಲ ಕಚ್ಚಿಸಿಕೊಂಡ ಮೇಲೆ.

ಬಡ್ತಿ ಯಾವಾಗ ಬಂತು, ಎಲ್ಲಿಗೆ ವರ್ಗವಾಯಿತು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ಸರ್ವೀಸ್ ಪುಸ್ತಕದಲ್ಲಿದೆ. ಅದನ್ನು ನಾನೇ ಎರಡನೇ ಸಲ ಓದುವುದಿಲ್ಲ, ನಿಮಗೆ ಯಾಕೆ?

ನಾನು ಸೇರಿದ ಹೊಸತರಲ್ಲಿ ಮಕ್ಕಳ ತೂಕ ನೋಡಲು ಇದ್ದದ್ದು ಕೊಕ್ಕೆ ತಕ್ಕಡಿ. ಮಗುವನ್ನು ಬಟ್ಟೆಯ ಚೀಲದಲ್ಲಿ ಕೂರಿಸಿ ಮಾಡಿನ ಪಕಾಸಿನ ಮರಕ್ಕೆ ನೇತು ಹಾಕಬೇಕು, ಅದು ಕಾಲು ಬಡಿದು ಬೊಬ್ಬೆ ಹೊಡೆಯಬೇಕು, ನಾವು ಮುಳ್ಳು ನೋಡಿ ಬರೆದುಕೊಳ್ಳಬೇಕು. ಕೋಡಿಯಲ್ಲಿ ಒಬ್ಬಳು ತಾಯಿ ಸೊಂಟಕ್ಕೆ ಕೈ ಕೊಟ್ಟು ನಿಂತು, “ಹ್ವಾಯ್ ಮೇಡಂ, ನನ್ ಮಗಿ ಎಂತ ಅಂಜಲ್ ಮೀನಾ, ನೇತ್ ಹಾಕಿ ತೂಗುಕೆ?” ಎಂದು ಕೇಳಿದ್ದಳು. ಒಂದು ತಿಂಗಳು ಮುಳ್ಳನ್ನು ಸೊನ್ನೆಗೆ ತರದೆ ನಾನು ಊರಿಡೀ ತೂಗಿದೆ. ವಲಯದಲ್ಲಿ ಬಡಕಲು ಮಗುವೇ ಇಲ್ಲ ಎಂದಾಯಿತು, ಕಚೇರಿಯಲ್ಲಿ ಭಲೇ ಭಲೇ ಎಂದರು. ಮರು ತಿಂಗಳು ತಕ್ಕಡಿ ಸರಿ ಮಾಡಿದ್ದೇ, ಎಲ್ಲ ಮಕ್ಕಳೂ ಒಟ್ಟಿಗೇ ಸೊರಗಿಬಿಟ್ಟವು! ಅದಕ್ಕೆ ಉತ್ತರ ಬರೆಯುವಷ್ಟರಲ್ಲಿ ನಾನೂ ಸೊರಗಿದೆ. ಈಗ ಎಲ್ಲ ಮೊಬೈಲಿನಲ್ಲಿ, ಫೋಟೋ ಸಮೇತ. ಆ ತರದ ತಪ್ಪು ನಿಮಗೆ ಆಗಲಿಕ್ಕಿಲ್ಲ.

ನಗುವ ತಪ್ಪುಗಳನ್ನು ಹೇಳುವುದು ಸುಲಭ. ನಾನು ಹೇಳಬೇಕೆಂದು ಕೂತದ್ದು ಬೇರೆ.

ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ನೇಮಕ. ಒಂದು ಅಂಗನವಾಡಿಗೆ ಇಬ್ಬರು ಬೇಕು. ಒಬ್ಬಳು ಟೀಚರ್, ಇನ್ನೊಬ್ಬಳು ಸಹಾಯಕಿ. ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಗುಡಿಸುವುದು, ಅಡುಗೆ ಮಾಡುವುದು, ಬಡಿಸುವುದು, ಕೈ ತೊಳೆಸುವುದು ಎಲ್ಲ ಸಹಾಯಕಿಯದ್ದೇ. ಕೊಡುವುದನ್ನು ಸಂಬಳ ಎನ್ನುವ ಹಾಗಿಲ್ಲ, ಗೌರವಧನ ಎನ್ನಬೇಕು. ಆದರೂ ಒಂದು ಹುದ್ದೆ ಖಾಲಿ ಬಿತ್ತು ಅಂದರೆ ಊರಿನಲ್ಲಿ ಚುನಾವಣೆಗಿಂತ ಜೋರು. ಮನೆಗೆ ಹತ್ತಿರ, ಮರ್ಯಾದೆಯ ಕೆಲಸ, ಸರಕಾರದ್ದು ಎಂಬ ಹೆಸರು. ಬಡ ಹೆಂಗಸಿಗೆ ಅದಕ್ಕಿಂತ ಇನ್ನೇನು ಬೇಕು.

ಮೊದಮೊದಲು ಊರಿನ ಯಾರೋ ದೊಡ್ಡವರ ಕಿಸೆಯಲ್ಲಿ ಹೆಸರು ಇರುತ್ತಿತ್ತು. ನಾವು ಸಂದರ್ಶನ ಅಂತ ಒಂದು ಶಾಸ್ತ್ರ ಮಾಡುತ್ತಿದ್ದೆವು. ಬಂದ ಹೆಂಗಸಿಗೆ ಮೊದಲ ಪ್ರಶ್ನೆ, “ನೀನ್ ಯಾರ ಮನಿ?” ಅಷ್ಟರಲ್ಲಿ ಎಲ್ಲ ಮುಗಿಯುತ್ತಿತ್ತು, ಉಳಿದದ್ದು ಚಾ ಕುಡಿಯುವ ತನಕದ ಮಾತು. ಕಾಲನಿಯ ಹೆಂಗಸು ಬಂದರೆ ಮಾತ್ರ ಇನ್ನೊಂದು ಪ್ರಶ್ನೆ ಇರುತ್ತಿತ್ತು. “ಅಡುಗಿ ಚೊಕ್ಕ ಮಾಡ್ತ್ಯಾ?” ಗದ್ದೆಮನೆಯ ಹೆಂಗಸರಿಗೆ ಯಾರೂ ಆ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ. ನಾನು ಪಕ್ಕದಲ್ಲಿ ಪೆನ್ನು ಹಿಡಿದು ಕೂತು ಅಂಕ ಬರೆದುಕೊಳ್ಳುತ್ತಿದ್ದೆ. ಹೊಸಬಳು, ಬಾಯಿ ತೆರೆಯುವ ಧೈರ್ಯ ಇರಲಿಲ್ಲ ಎಂದು ಹೇಳಬಹುದು. ಹಳಬಳಾದ ಮೇಲೂ ತೆರೆಯಲಿಲ್ಲ ಎಂಬುದನ್ನೂ ಹೇಳಬೇಕಲ್ಲ.

ಆಮೇಲೆ ನಿಯಮ ಬಿಗಿಯಾಯಿತು. ಪರೀಕ್ಷೆಯ ಅಂಕ ನೋಡಿ ಪಟ್ಟಿ, ಮೀಸಲು ನೋಡಿ ಪಟ್ಟಿ. ಈಗ ಅರ್ಜಿಯೂ ಆನ್‌ಲೈನ್. ಒಳ್ಳೆಯದಾಯಿತು. ಪಟ್ಟಿಗೆ ನೆಂಟಸ್ತಿಕೆ ಇಲ್ಲ, ದಾಕ್ಷಿಣ್ಯ ಇಲ್ಲ. ಆದರೆ ಹೆಸರು ಬರೆದು ಕೊಟ್ಟಲ್ಲಿಗೆ ಪಟ್ಟಿಯ ಕೆಲಸ ಮುಗಿಯುತ್ತದೆ. ಅಲ್ಲಿಂದ ಮುಂದೆ ಆ ಹೆಂಗಸು ಒಲೆಯ ಮುಂದೆ ನಿಲ್ಲಬೇಕು, ಅವಳು ಬೇಯಿಸಿದ್ದನ್ನು ಊರು ಉಣ್ಣಬೇಕು.

ನಾವುಂದದಿಂದ ಆಚೆ ಒಂದು ಊರು. ಹೆಸರು ಬರೆಯುವುದಿಲ್ಲ, ಅಲ್ಲಿಯವರು ಈಗಲೂ ಬಸ್ಸಿನಲ್ಲಿ ಕಂಡರೆ ಸೀಟು ಬಿಟ್ಟುಕೊಡುತ್ತಾರೆ. ಬೈಂದೂರು ಆಗ ಬೇರೆ ತಾಲೂಕು ಆಗಿರಲಿಲ್ಲ, ಎಲ್ಲ ನಮ್ಮದೇ ಕುಂದಾಪುರಕ್ಕೆ ಸೇರಿತ್ತು. ಅಲ್ಲಿನ ಸಹಾಯಕಿ ನಿವೃತ್ತಿಯಾದಳು. ಟೀಚರ್ ಪದ್ಮಾವತಿ, ಬಹಳ ವರ್ಷದ ಹಳಬಳು, ಪಾಪದವಳು. ಹುದ್ದೆ ಆ ಸಲ ಪರಿಶಿಷ್ಟ ಪಂಗಡಕ್ಕೆ ಮೀಸಲು ಎಂದು ಬಂತು, ಯಾಕೆಂದರೆ ಆ ಅಂಗನವಾಡಿಯ ವ್ಯಾಪ್ತಿಯಲ್ಲೇ ಕೊರಗರ ಕಾಲನಿ ಇತ್ತು. ಕಾಲನಿಯಿಂದ ಅರ್ಜಿ ಹಾಕಿದವಳು ಒಬ್ಬಳೇ, ಬೇಬಿ. ಇಪ್ಪತ್ತಾರು ವರ್ಷ. ಆ ಕಾಲನಿಯಲ್ಲಿ ಹತ್ತನೇ ತರಗತಿ ಪಾಸಾದ ಮೊದಲ ಹೆಂಗಸು. ಗಂಡ ಕೂಲಿಗೆ ಹೋಗುತ್ತಿದ್ದ, ನಾಲ್ಕು ವರ್ಷದ ಮಗಳು ಸ್ವಾತಿ ಅದೇ ಅಂಗನವಾಡಿಗೆ ಬರುತ್ತಿದ್ದಳು.

ಮೀಸಲು ಎಂದು ಗೊತ್ತಿದ್ದೂ ಅರ್ಜಿ ಕೊಟ್ಟ ಇನ್ನೊಬ್ಬಳು ರೇವತಿ. ಅವಳ ಗಂಡ ಬೋಟಿನ ಮೇಲೆ ಜಾರಿ ಬಿದ್ದು ಬೆನ್ನು ಮುರಿದುಕೊಂಡು ಮಲಗಿದ್ದ. ಅವಳು ಮೀನು ಕ್ಲೀನ್ ಮಾಡುವ ಕೆಲಸಕ್ಕೆ ಹೋಗಿ ಮನೆ ನಡೆಸುತ್ತಿದ್ದಳು. ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಕುಂದಾಪುರದ ಕಚೇರಿಗೇ ಬಂದು ನನ್ನ ಮೇಜಿನ ಮುಂದೆ ನಿಂತಳು.

“ಮೇಡಂ, ನನ್ ಅಂಕ ಜಾಸ್ತಿ ಅಲ್ದಾ?”

“ಹೌದು.”

“ನಾನೂ ಬಡವಿ ಅಲ್ದಾ?”

“ಹೌದಮ್ಮ.”

“ಮತ್ತೆಂತಕ್ ಇಲ್ಲೆ? ನನ್ ಅಜ್ಜಿ ಯಾರನ್ನೋ ದೂರ ನಿಲ್ಸಿದ್ಲ್ ಅಂದೇಳಿ ನಾನ್ ಎಂತಕ್ ದಂಡ ಕಟ್ಟುದ್? ನನ್ ಮಗಿ ಹೊಟ್ಟಿಗ್ ಎಂತ ಹಾಕ್ಲಿ ಹೇಳಿ ಕಾಂಬ.”

ಸರಕಾರದ ನಿಯಮ ಅಂದೆ. ಸರಕಾರದ ನಿಯಮ ಅನ್ನುವುದು ನಮ್ಮಂಥವರಿಗೆ ಬಹಳ ಅನುಕೂಲದ ಮಾತು, ಮಳೆ ಬಂದರೆ ಕೊಡೆ ಬಿಚ್ಚಿದ ಹಾಗೆ. ಅವಳು ಅಂಕಪಟ್ಟಿಯನ್ನು ಮತ್ತೆ ಕವರಿಗೆ ಹಾಕಿಕೊಂಡು ಹೋದಳು. ನನಗೆ ಅಯ್ಯೋ ಅನ್ನಿಸಿತು. ಅವಳ ಮಾತು ಸರಿಯಲ್ಲವಾ ಎಂದೂ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ನಮ್ಮ ಸಾಹೇಬರು ಬಯಲುಸೀಮೆಯವರು, ಒಳ್ಳೆಯವರೇ, ನಿವೃತ್ತಿಯ ದಿನ ಎಣಿಸುತ್ತಿದ್ದವರು. ಆದೇಶಕ್ಕೆ ಸಹಿ ಹಾಕಿ ನನ್ನ ಕಡೆ ನೂಕಿ, “ನೋಡ್ರೀ ಮೇಡಂ, ಆರ್ಡರ್ ಕೊಡೋದು ನನ್ ಕೆಲ್ಸ. ಊರಲ್ಲಿ ಗಲಾಟೆ ಆಗದಂಗೆ ನೋಡ್ಕೊಳ್ಳೋದು ನಿಮ್ ಕೆಲ್ಸ” ಎಂದರು.

ಆದೇಶ ಕೊಡಲು ನಾನೇ ಹೋದೆ. ಬೇಬಿ ಅಂಗನವಾಡಿಯ ಜಗಲಿಯಲ್ಲಿ ನಿಂತು ಆ ಕಾಗದವನ್ನು ಎರಡು ಸಲ ಓದಿದಳು. ಆಮೇಲೆ ಮೆಲ್ಲ ಕೇಳಿದಳು.

“ಮೇಡಂ, ಅಡುಗಿ ನಾನೇ ಮಾಡುದಾ?”

“ಮತ್ತ್ಯಾರು? ನೀನೇ.”

“ಎಲ್ಲರಿಗೂ?”

“ಹೌದು ಮರಾಯ್ತಿ, ಎಲ್ಲರಿಗೂ” ಎಂದು ನಕ್ಕೆ. ಅವಳು ನಗಲಿಲ್ಲ. ಪದ್ಮಾವತಿಯೂ ನಗಲಿಲ್ಲ.

ನಮ್ಮದು ಗದ್ದೆ ಇದ್ದ ಮನೆ. ನಾನು ಸಣ್ಣವಳಿರುವಾಗ ಕೊರಗರು ನಮ್ಮ ಅಂಗಳಕ್ಕೆ ಕಾಲಿಡುತ್ತಿರಲಿಲ್ಲ. ಅಂಗಳದ ಆಚೆ ಕೂತವರ ಎಲೆಗೆ ಅಮ್ಮ ಎತ್ತರದಿಂದ ಅನ್ನ ಹಾಕುತ್ತಿದ್ದಳು, ಕೈ ತಾಗದ ಹಾಗೆ. ನಾನು ಕಾಲೇಜಿಗೆ ಹೋದೆ, ನೌಕರಿಗೆ ಬಂದೆ, ಸಭೆಗಳಲ್ಲಿ ಸಮಾನತೆಯ ಭಾಷಣ ಮಾಡಿದೆ. ಅದೆಲ್ಲ ಅಮ್ಮನ ಕಾಲಕ್ಕೆ ಮುಗಿಯಿತು ಎಂದುಕೊಂಡಿದ್ದೆ.

ಬೇಬಿ ಸೇರಿದ ಮೊದಲ ದಿನ ಇಪ್ಪತ್ತು ಚಿಲ್ಲರೆ ಮಕ್ಕಳಲ್ಲಿ ಹತ್ತು ಬಂದವು. ಮರುದಿನ ಆರು. ವಾರದ ಕೊನೆಗೆ ಎರಡು. ಒಂದು ಬೇಬಿಯ ಮಗಳು ಸ್ವಾತಿ, ಕಾಲನಿಯಿಂದ ಬರುತ್ತಿದ್ದ ಮಗು ಅದೊಂದೇ. ಇನ್ನೊಂದು ಯಾರೆಂದುಕೊಂಡಿರಿ? ರೇವತಿಯ ಮಗ! ನನಗೆ ನಂಬಲಿಕ್ಕಾಗಲಿಲ್ಲ. ಸಂಜೆ ಅವಳನ್ನು ದಾರಿಯಲ್ಲಿ ಕಂಡು ಕೇಳಿದರೆ, “ನಾ ಕೆಲ್ಸಕ್ ಹೋದ್ರೆ ಮಗಿನ್ ಯಾರ್ ಕಾಂತ್ರ್ ಮೇಡಂ? ಬೇಬಿ ಸಾರ್ ಲಾಯ್ಕ್ ಮಾಡ್ತ್ಲ್ ಅಂಬ್ರ್, ಎರಡ್ ಸಲ ಹಾಕ್ಸ್ಕಂಡ್ ಉಂತಾ” ಎಂದಳು. ಆ ಕೆಲಸ ತನಗೆ ಬರಬೇಕಿತ್ತು ಎಂದು ಜಗಳ ಮಾಡಿದವಳು ಅವಳೇ, ಬೇಬಿ ಬೇಯಿಸಿದ್ದನ್ನು ಮಗನಿಗೆ ಉಣ್ಣಿಸಿದವಳೂ ಅವಳೇ. ಜನರನ್ನು ಅಳೆಯುವುದು ಅಷ್ಟು ಸುಲಭ ಅಲ್ಲ.

ಉಳಿದ ಮನೆಗಳಿಗೆ ನಾನು ಮೂರು ದಿನ ನಡೆದೆ. ಒಂದು ಮನೆಯಲ್ಲಿ ಮಗುವಿಗೆ ಜ್ವರ. ಜ್ವರದ ಮಗು ಅಂಗಳದಲ್ಲಿ ಓಡುತ್ತಿತ್ತು. ಒಂದು ಮನೆಯಲ್ಲಿ ಮಗು ಅಜ್ಜಿಮನೆಗೆ ಹೋಗಿದೆ. ಮಗು ಬಾಗಿಲ ಸಂದಿಯಿಂದ ನನ್ನನ್ನೇ ನೋಡುತ್ತಿತ್ತು. “ಜಾತಿಯಾ? ಛೆ ಛೆ, ಹಾಂಗೆಂತ ಇಲ್ಲೆ ಮೇಡಂ, ಕಾಲ ಬದಲಾಯ್ತ್” ಎಂದು ಎಲ್ಲರೂ ಹೇಳಿದರು. ಎಲ್ಲರೂ ಚಾ ಕೊಟ್ಟರು. ಎಲ್ಲಾ ಜಾತಿಯ ಮನೆಯಲ್ಲೂ ಅದೇ ಮಾತು, ಅದೇ ಚಾ. ಒಬ್ಬರು ಅಜ್ಜ ಮಾತ್ರ ಮುಚ್ಚುಮರೆ ಇಲ್ಲದೆ ಹೇಳಿದರು, “ಅಕ್ಕಿ ಬೇಳಿ ಕೊಟ್ರೆ ತಕಂತೊ. ಬೇಯ್ಸಿದ್ ಬ್ಯಾಡ.” ಆ ಅಜ್ಜನ ಮೇಲೆ ಆಗ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ಆ ಊರಿನಲ್ಲಿ ಸತ್ಯ ಹೇಳಿದವರು ಅವರೊಬ್ಬರೇ.

ಮಕ್ಕಳು ಬಾರದಿದ್ದರೆ ಕೇಂದ್ರ ಮುಚ್ಚಿ ಪಕ್ಕದ ಊರಿಗೆ ಸೇರಿಸುತ್ತಾರೆ. ಬೇಬಿಯ ಕೆಲಸ ಹೋಗುತ್ತದೆ, ಪದ್ಮಾವತಿಯದ್ದೂ. ಅದಕ್ಕೆ ನಾನೇ ಒಂದು ದಾರಿ ಹುಡುಕಿದೆ. ತಾಯಂದಿರ ಸಭೆ ಕರೆಯುವುದು, ಬೇಬಿ ಕೈಯಲ್ಲಿ ಪಾಯಸ ಮಾಡಿಸುವುದು, ಎಲ್ಲರ ಎದುರು ಬಡಿಸುವುದು. ದಿನ ನಿಗದಿ ಮಾಡಿದ್ದು ಸೋಮವಾರ.

ಸಭೆಗೆ ಹೆಂಗಸರು ಬಂದರು. ಒಳಗೆ ಬಂದು ಕೂತವರು ನಾಲ್ಕೈದು, ಉಳಿದವರು ಬಾಗಿಲಲ್ಲಿ, ಕಿಟಕಿಯಲ್ಲಿ. ನಾನು ಅರ್ಧ ಗಂಟೆ ಮಾತಾಡಿದೆ. ಮುಟ್ಟಗೊಡದಿರುವುದು ಅಪರಾಧ ಎಂದೆ, ಮಕ್ಕಳಿಗೆ ಜಾತಿ ಇಲ್ಲ ಎಂದೆ. ತಲೆ ಅಲ್ಲಾಡಿಸಿದರು. ಹೆಸರುಬೇಳೆ ಪಾಯಸದ ಪರಿಮಳ ಕೋಣೆ ತುಂಬ ಇತ್ತು. ಏಲಕ್ಕಿಯನ್ನೂ ತೆಂಗಿನಕಾಯಿಯನ್ನೂ ಬೇಬಿ ಮನೆಯಿಂದ ತಂದಿದ್ದಳು, ಇಲಾಖೆ ಕೊಡುವ ಸಾಮಾನಿನಲ್ಲಿ ಏಲಕ್ಕಿ ಎಲ್ಲಿಂದ ಬರಬೇಕು? ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಮಾತು ಮುಗಿದ ಮೇಲೆ ಅವಳು ಮೊದಲ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದಳು.

ಎಲ್ಲರ ಕಣ್ಣೂ ನನ್ನ ಕೈಯ ಮೇಲೆ.

“ಅಯ್ಯೋ ಬೇಬಿ, ಇವತ್ತು ಸೋಮವಾರ ಅಲ್ದಾ? ನಂಗೆ ಉಪವಾಸ ಮರಾಯ್ತಿ” ಎಂದೆ.

“ಹೌದಾ ಮೇಡಂ” ಎಂದಳು ಬೇಬಿ. ತಟ್ಟೆಯನ್ನು ಹಿಂದಕ್ಕೆ ಒಯ್ದು ಮೇಜಿನ ಮೇಲಿಟ್ಟು ಇನ್ನೊಂದು ತಟ್ಟೆ ಮುಚ್ಚಿದಳು.

ಪದ್ಮಾವತಿ ನನ್ನ ಮುಖ ನೋಡಿದಳು. ಆಮೇಲೆ ತಾನೇ ಹೋಗಿ ಒಂದು ಲೋಟಕ್ಕೆ ಹಾಕಿಕೊಂಡು ನಿಂತಲ್ಲೇ ಕುಡಿದಳು. ಬೇರೆ ಯಾರೂ ಮುಟ್ಟಲಿಲ್ಲ. ಒಬ್ಬೊಬ್ಬರೇ ಮಕ್ಕಳ ಕೈ ಹಿಡಿದುಕೊಂಡು, ಹೊತ್ತಾಯಿತು, ಕೆಲಸ ಇದೆ ಎಂದು ಹೊರಟರು.

ಪ್ರತಿ ಕೇಂದ್ರದಲ್ಲಿ ಒಂದು ಪುಸ್ತಕ ಇರುತ್ತದೆ. ಮೇಲ್ವಿಚಾರಕಿ ಬಂದ ದಿನ ಅಡುಗೆಯ ರುಚಿ ನೋಡಿ ಅದರಲ್ಲಿ ಬರೆದು ಸಹಿ ಹಾಕಬೇಕು. ರುಚಿ ಪುಸ್ತಕ ಎನ್ನುತ್ತಿದ್ದೆವು. ಹೊರಡುವಾಗ ಪದ್ಮಾವತಿ ಅದನ್ನು ಮುಂದಿಟ್ಟಳು. ನಾನು “ರುಚಿ ನೋಡಿದೆ, ಚೆನ್ನಾಗಿದೆ” ಎಂದು ಬರೆದು ಸಹಿ ಹಾಕಿದೆ. ಅಷ್ಟು ವರ್ಷದ ಅಭ್ಯಾಸ.

ಸೋಮವಾರ ನನಗೆ ಉಪವಾಸ ಇದ್ದದ್ದು ಸುಳ್ಳಲ್ಲ. ಮದುವೆಯಾದಾಗಿನಿಂದ ಸೋಮವಾರ ಸಂಜೆ ದೀಪ ಹಚ್ಚುವ ತನಕ ಏನೂ ತಿನ್ನುತ್ತಿರಲಿಲ್ಲ. ಆದರೆ ವಾರದಲ್ಲಿ ಕೆಲಸದ ದಿನ ಆರು. ಅದರಲ್ಲಿ ಸೋಮವಾರವನ್ನೇ ಆರಿಸಿದವಳು ನಾನು. ಕ್ಯಾಲೆಂಡರ್ ನೋಡಿ, ಪೆನ್ನಿನಲ್ಲಿ ಗುರುತು ಹಾಕಿ, ಆರಿಸಿದ್ದೆ. ಆಗ ಹೀಗೆಂದು ಮನಸ್ಸಿನಲ್ಲಿ ಹೇಳಿಕೊಂಡಿರಲಿಲ್ಲ, ಹೇಳಿಕೊಳ್ಳಲು ಹೆದರಿದ್ದೆ. ಒಂದು ಚಮಚ ಪಾಯಸ ತಿಂದಿದ್ದರೆ ಯಾವ ದೇವರೂ ಸಿಟ್ಟಾಗುತ್ತಿರಲಿಲ್ಲ. ಬೇರೆ ಸೋಮವಾರಗಳಲ್ಲಿ ನೆಂಟರ ಮನೆಯ ಪ್ರಸಾದ ಬೇಡ ಎಂದವಳಲ್ಲ ನಾನು.

ಮರುದಿನದಿಂದ ರೇವತಿಯ ಮಗನೂ ಬರಲಿಲ್ಲ. ನಾನು ಅವಳ ಮನೆಗೇ ಹೋದೆ. ಅವಳು ತಲೆ ಎತ್ತದೆ ಹೇಳಿದಳು, “ಇಷ್ಟ್ ದಿನ ನಾನೊಬ್ಳೇ ಕಳ್ಸ್ತಿದ್ದೆ ಮೇಡಂ. ಈಗ ಅತ್ತಿ ಬೈತ್ರ್, ಓದಿದ್ ಮೇಡಮ್ಮೇ ಮುಟ್ಲಿಲ್ಲೆ, ನಿಂಗೆಂತ ಅಂತ್ರ್. ಮೇಡಮ್ಮಂಗ್ ಒಂದಿನ ಸೋಮವಾರ ಆದ್ರೆ ನಮ್ಗ್ ದಿನಾ ಸೋಮವಾರ ಅಂದೇಳಿ ಊರಲ್ಲೆಲ್ಲ ನೆಗಾಡ್ತಿದ್ರ್.”

ಅಲ್ಲಿಗೆ ನನಗೆ ಅರ್ಥವಾಯಿತು. ಊರು ಕಾದು ಕೂತದ್ದು ನನ್ನನ್ನು ನೋಡಲಿಕ್ಕೆ. ಅವರಿಗೆ ಒಂದು ನೆಪ ಬೇಕಿತ್ತು, ನಾನು ತಟ್ಟೆಯಲ್ಲಿಟ್ಟು ಕೊಟ್ಟೆ.

ಅರ್ಥವಾದ ಮೇಲಾದರೂ ಸರಿ ಮಾಡಿದೆನಾ? ಇಲ್ಲ. ಮಂಗಳವಾರ ಹೋಗಿ ಎಲ್ಲರ ಎದುರು ಕೂತು ಉಣ್ಣಬಹುದಿತ್ತು. ಅದು ಬಿಟ್ಟು ‘ಹೊಂದಾಣಿಕೆ’ ಮಾಡಿದೆ. ತಾತ್ಕಾಲಿಕ ಎಂದು ಹೇಳಿ ಅಡುಗೆಯನ್ನು ಪದ್ಮಾವತಿಗೆ ವಹಿಸಿದೆ. ಬೇಬಿಗೆ ಅಂಗಳ ಗುಡಿಸುವುದು, ನೀರು ಸೇದುವುದು, ಪಾತ್ರೆ ತೊಳೆಯುವುದು. ನೀರನ್ನೂ ಕುಡಿಯಲಿಕ್ಕೆ ಅಲ್ಲ, ಕೈಕಾಲು ತೊಳೆಯಲಿಕ್ಕೆ. ಅದನ್ನು ಬಾಯಿಬಿಟ್ಟು ಹೇಳಬೇಕಾಗಿ ಬರಲಿಲ್ಲ, ಬೇಬಿಗೇ ಗೊತ್ತಾಯಿತು. ಹದಿನೈದು ದಿನದಲ್ಲಿ ಮಕ್ಕಳೆಲ್ಲ ವಾಪಸು ಬಂದರು. ಜ್ವರ ಹೋಯಿತು, ಅಜ್ಜಿಮನೆ ಮುಗಿಯಿತು. ಸಾಹೇಬರು, “ಭೇಷ್ ಮೇಡಂ, ಹೆಂಗೆ ಸಂಭಾಳಿಸಿದ್ರಿ ನೋಡ್ರೀ” ಎಂದರು. ನನಗೆ ಖುಷಿಯೂ ಆಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು.

ಮಕ್ಕಳು ಉಣ್ಣುವ ಹೊತ್ತಿಗೆ ಬೇಬಿ ಹೊರಗೆ ಜಗಲಿಯಲ್ಲಿ ಕೂರುತ್ತಿದ್ದಳು. ಒಂದು ದಿನ ಸ್ವಾತಿ ಊಟದ ಮಧ್ಯೆ, “ಟೀಚರ್, ನನ್ ಅಮ್ಮ ಎಂತಕ್ ಒಳ್ಗ್ ಬಪ್ಪುದಿಲ್ಲೆ?” ಎಂದು ಕೇಳಿತಂತೆ. ಪದ್ಮಾವತಿ ನನಗೆ ಇದನ್ನು ಹೇಳುವಾಗ ಕಣ್ಣು ಒರೆಸಿಕೊಂಡಳು. ಆ ಮಗುವಿನ ಅಮ್ಮನನ್ನು ಒಲೆಯಿಂದ ಎಬ್ಬಿಸಿ ಹೊರಗೆ ಕೂರಿಸಿದ್ದು ಊರಲ್ಲ, ನಾನು, ನನ್ನ ಬಾಯಿಮಾತಿನ ಆದೇಶ.

ಮೂರನೇ ತಿಂಗಳು ಬೇಬಿ ಕಚೇರಿಗೆ ಬಂದಳು. ಕೆಲಸ ಬಿಡುತ್ತೇನೆ ಎಂದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚಂದ ಇತ್ತು. ನಾನು ಬಿಳಿ ಹಾಳೆ, ಪೆನ್ನು ಕೊಟ್ಟೆ. ಅಕ್ಷರ ಮುತ್ತಿನ ಹಾಗೆ ಬರೆಯುತ್ತಿದ್ದಳು. ಎರಡು ಸಾಲು ಬರೆದು ತಲೆ ಎತ್ತಿದಳು.

“ಕಾರಣ ಅಂದೇಳಿ ಎಂತ ಬರೀಲಿ ಮೇಡಂ?”

ಹುಡುಗಿಯರೇ, ಆ ಪ್ರಶ್ನೆಗೆ ಸರಿಯಾದ ಉತ್ತರ ಒಂದೇ ಇತ್ತು. ನಡೆದದ್ದನ್ನು ಬರೆ, ನಾನು ಮೇಲೆ ಕಳಿಸುತ್ತೇನೆ ಎನ್ನಬೇಕಿತ್ತು. ಕಾನೂನು ಇತ್ತು, ಅದರ ಬಗ್ಗೆ ನಾನೇ ಭಾಷಣ ಮಾಡಿದ್ದೆ. ಆದರೆ ವಿಚಾರಣೆ ಅಂತ ಬಂದರೆ ಮೊದಲು ಕೇಳುವುದು ರುಚಿ ಪುಸ್ತಕ. ಆ ಸೋಮವಾರ ಮೇಲ್ವಿಚಾರಕಿ ನಿಜವಾಗಿ ತಿಂದಳಾ ಎಂದು ಕೇಳಿದರೆ ಊರಿಗೆ ಊರೇ ಸಾಕ್ಷಿ.

“ಮನೆಯ ಕಷ್ಟದ ಕಾರಣ ಅಂತ ಬರೆ” ಎಂದೆ.

ಬರೆದಳು. ನಾನು ಸೀಲು ಹಾಕಿದೆ.

ಹುದ್ದೆಗೆ ಎರಡು ಸಲ ಅರ್ಜಿ ಕರೆದರೂ ಕಾಲನಿಯಿಂದ ಯಾರೂ ಹಾಕಲಿಲ್ಲ. ಯಾಕೆ ಹಾಕುತ್ತಾರೆ? ಕೊನೆಗೆ ಅದು ಎಲ್ಲರಿಗೂ ತೆರೆಯಿತು, ರೇವತಿಗೆ ಸಿಕ್ಕಿತು. ಚೆನ್ನಾಗಿ ಕೆಲಸ ಮಾಡಿದಳು, ಈಗಲೂ ಮಾಡುತ್ತಿದ್ದಾಳೆ. ಸೇರಿದ ವರ್ಷ ಒಮ್ಮೆ ನನ್ನೊಟ್ಟಿಗೆ ಬಸ್ ಸ್ಟ್ಯಾಂಡಿನ ತನಕ ನಡೆದು ಬಂದವಳು ಹೇಳಿದಳು, “ಈ ಕೆಲ್ಸ ನಂಗ್ ಬಂದದ್ ಹ್ಯಾಂಗ್ ಅಂದೇಳಿ ಗೊತ್ತಿತ್ ಮೇಡಂ. ಬಿಡುಕ್ ಮನಸ್ ಬತ್ತಿಲ್ಲೆ, ಮನೆಂಗ್ ಕಷ್ಟ. ಆರೆ ಒಲಿ ಹೊತ್ಸುವಾಗ ಒಂದೊಂದ್ ದಿನ ಬೇಬಿ ನೆನ್ಪಾತ್ಲ್.” ನಾನು ಬಸ್ಸು ಬಂತಾ ಎಂದು ರಸ್ತೆ ನೋಡಿದೆ.

ಈಗ ನೆಂಟರ ಮದುವೆಗೋ ಗೃಹಪ್ರವೇಶಕ್ಕೋ ಹೋದರೆ ಪಂಕ್ತಿಯಲ್ಲಿ ಒಂದು ಮಾತು ಬಂದೇ ಬರುತ್ತದೆ. ಮೊನ್ನೆ ನನ್ನ ಅಕ್ಕನ ಮಗ, ಮುಂಬಯಿಯಲ್ಲಿ ಹೋಟೆಲ್ ಇಟ್ಟವನು, “ಈಗ ಅನ್ಯಾಯ ಆಪ್ದ್ ನಮ್ಗೇ ಚಿಕ್ಕಮ್ಮ. ಅಂಕ ಇದ್ರೂ ನಮ್ ಮಕ್ಕಳಿಗ್ ಸೀಟಿಲ್ಲೆ, ಕೆಲ್ಸ ಇಲ್ಲೆ. ಜಾತಿ ಕಾಣುದ್ ನಾವಾ ಸರ್ಕಾರವಾ?” ಎಂದ. ಸುತ್ತ ಕೂತವರು ಹೌದು ಹೌದು ಎಂದರು. ಅವನ ಹೋಟೆಲಿನ ಅಡುಗೆಮನೆಯಲ್ಲಿ ಯಾವ ಯಾವ ಜಾತಿಯವರು ಇದ್ದಾರೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ರೇವತಿ ಮೇಜಿನ ಮುಂದೆ ನಿಂತು ಕೇಳಿದ ಪ್ರಶ್ನೆಯನ್ನು ನಾನು ಇವತ್ತಿಗೂ ತಳ್ಳಿಹಾಕುವುದಿಲ್ಲ. ಬಡವಿಯ ಪ್ರಶ್ನೆ ಅದು, ಅದಕ್ಕೆ ಯಾರಾದರೂ ಉತ್ತರ ಕೊಡಬೇಕು. ಆದರೆ ಮೀಸಲಾತಿಯಿಂದ ಕೆಲಸ ಸಿಕ್ಕಿತು ಎಂದು ಎಲ್ಲರೂ ಲೆಕ್ಕ ಹಿಡಿಯುತ್ತಾರೆ. ಸಿಕ್ಕ ಕೆಲಸವನ್ನು ಹೇಗೆ ಬಿಡಿಸಿದೆವು ಎಂಬುದು ಯಾವ ಕಡತದಲ್ಲೂ ಇಲ್ಲ. ಬೇಬಿಯ ಕಡತದಲ್ಲಿ ಇರುವುದು ಮನೆಯ ಕಷ್ಟ, ಅಷ್ಟೇ.

ನಿವೃತ್ತಿಯಾಗಿ ನಾಲ್ಕು ವರ್ಷವಾಯಿತು. ಕೆಲಸ ಇರುವ ತನಕ ಓಡಾಟದಲ್ಲಿ ಮರೆತದ್ದು ಈಗ ಮಧ್ಯಾಹ್ನ ಸುಮ್ಮನೆ ಕೂತರೆ ಎದುರು ಬಂದು ನಿಲ್ಲುತ್ತದೆ. ಬೇಬಿ ಎಲ್ಲಿದ್ದಾಳೆ ಎಂದು ಪದ್ಮಾವತಿಯನ್ನು ಕೇಳಿದೆ. ಅವಳ ಹತ್ತಿರ ವಿಳಾಸ ಇತ್ತು. ಬೇಬಿ ಆಗಲೇ ಊರು ಬಿಟ್ಟು ಬ್ರಹ್ಮಾವರದ ಬದಿಗೆ, ಅಣ್ಣನ ಮನೆ ಇರುವ ಕಾಲನಿಗೆ ಹೋಗಿದ್ದಾಳೆ, ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಎಂದಳು. ಒಂದು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಕ್ಷಮೆ ಕೇಳಬೇಕು, ಉಪವಾಸ ಒಂದು ನೆಪ ಎಂದು ಬಾಯಿಬಿಟ್ಟು ಹೇಳಬೇಕು, ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

ಸಣ್ಣ ಹಂಚಿನ ಮನೆ, ಚೊಕ್ಕ ಅಂಗಳ. ಬೇಬಿಗೆ ನನ್ನ ಗುರುತು ಕೂಡಲೇ ಸಿಕ್ಕಿತು. “ಮೇಡಂ ಅಲ್ದಾ! ಬನ್ನಿ, ಕೂಕಣಿ” ಎಂದು ಕುರ್ಚಿಯನ್ನು ಒರೆಸಿ ಜಗಲಿಯಲ್ಲಿ ಹಾಕಿದಳು. ಕೂದಲು ನರೆತಿದೆ. ಬೀಜ ಸುಲಿದು ಸುಲಿದು ಬೆರಳು ಕಪ್ಪಾಗಿವೆ. ಸ್ವಾತಿ ಹದಿನೆಂಟು ದಾಟಿದ ಹುಡುಗಿ, ಕಾಲೇಜಿಗೆ ಹೋಗುತ್ತಾಳಂತೆ, ಬಾಗಿಲ ಹತ್ತಿರ ನಿಂತು ನಕ್ಕಳು. ನನ್ನ ಆರೋಗ್ಯ ಕೇಳಿದರು, ಪದ್ಮಾವತಿ ಟೀಚರ್ ಹೇಗಿದ್ದಾರೆ ಎಂದು ಕೇಳಿದರು. ಕೊನೆಗೆ ನಾನೇ ಧೈರ್ಯ ಮಾಡಿದೆ.

“ಬೇಬಿ, ಆ ದಿನ ಪಾಯಸ ತಂದಿ ಅಲ್ದಾ. ನಂಗೆ ಉಪವಾಸ ಇದ್ದದ್ದು ಹೌದು. ಆದ್ರೆ ನಾನ್ ತಿನ್ನದೇ ಇದ್ದದ್ದು ಅದಕ್ಕಲ್ಲ.”

“ಗೊತ್ತಿತ್ ಮೇಡಂ” ಎಂದಳು ಬೇಬಿ.

“ಅವತ್ತೇ ಗೊತ್ತಾಯ್ತಾ?”

“ಅವತ್ತೇ.” ಅವಳು ಸೆರಗಿನ ತುದಿ ಮಡಿಸುತ್ತಾ ಮೆಲ್ಲ ಮಾತಾಡಿದಳು. “ಊರವ್ರ್ ತಿಂಬುದಿಲ್ಲೆ ಅಂದೇಳಿ ನಂಗ್ ಮೊದ್ಲೇ ಗೊತ್ತಿದ್ದಿತ್. ಅದ್ಕ್ ಬೇಜಾರ್ ಆಯ್ಲಿಲ್ಲೆ. ನೀವ್ ತಿಂತ್ರಿ ಅಂದೇಳಿ ನಾನ್ ಮನೆಂಗ್ ಹೇಳಿ ಬಂದಿದ್ದೆ.”

ನಾನು ತಪ್ಪಾಯಿತು ಎಂದೆ. ಎರಡು ಸಲ ಎಂದೆ. ಆಯ್ತ್ ಬಿಡಿ ಮೇಡಂ, ಹಳೇದ್ ಎಂದಳು.

“ಒಂಚೂರ್ ನೀರ್ ಕೊಡು ಬೇಬಿ” ಎಂದೆ.

ಅವಳು ಮಗಳ ಕಡೆ ನೋಡಿದಳು. ಸ್ವಾತಿ ಒಳಗೆ ಹೋಗುತ್ತಾಳೆ ಎಂದುಕೊಂಡರೆ ಚಪ್ಪಲಿ ಹಾಕಿಕೊಂಡು ರಸ್ತೆಯ ಕಡೆ ಓಡಿದಳು. ಒಳಗೆ ಅಡುಗೆಮನೆಯ ಕಟ್ಟೆಯ ಮೇಲೆ ಮುಚ್ಚಿಟ್ಟ ಕೊಡಪಾನ ನನಗೆ ಕೂತಲ್ಲಿಂದ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಸ್ವಾತಿ ಏದುಸಿರು ಬಿಡುತ್ತಾ ಬಂದು ಅಂಗಡಿಯಿಂದ ತಂದ ನೀರಿನ ಬಾಟ್ಲಿಯನ್ನು, ಸೀಲು ಒಡೆಯದೆ, ನನ್ನ ಕೈಗೆ ಕೊಟ್ಟಳು.

“ಕುಡಿನಿ ಮೇಡಂ, ಅಂಗಡಿದ್ದೇ” ಎಂದಳು ಬೇಬಿ. ವ್ಯಂಗ್ಯ ಇರಲಿಲ್ಲ. ನನಗೆ ಕಷ್ಟ ಆಗಬಾರದು ಎಂದೇ ಹೇಳಿದ್ದು.

ಬೇಡ ಬೇಬಿ, ನಿನ್ನ ಮನೆಯ ನೀರೇ ಕೊಡು ಎಂದು ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ಮುಚ್ಚಳ ತಿರುಗಿಸಿ ಕುಡಿದೆ.